ಗ್ರೂಪ್ ಅಸೈನ್‌ಮೆಂಟ್ ಬರೆದವರು ಯಾರು?

ಗ್ರೂಪ್ ಅಸೈನ್‌ಮೆಂಟ್ ಕೊಟ್ಟರೆ ಏನಾಗುತ್ತದೆ ಅಂತ ಪಾಠ ಮಾಡುವವರಿಗೆಲ್ಲ ಗೊತ್ತು. ಹೆಸರು ಆರು ಜನರದ್ದು, ಕೆಲಸ ಒಬ್ಬರದ್ದು, ಮಾರ್ಕ್ಸ್ ಮಾತ್ರ ಎಲ್ಲರಿಗೂ ಸಮ. ನಾನು ಡಿಗ್ರಿ ಕ್ಲಾಸಿಗೆ ಅರ್ಥಶಾಸ್ತ್ರ ಹೇಳಿಕೊಡುತ್ತೇನೆ. ಇದಕ್ಕೆ ಏನಾದರೂ ಮಾಡಬೇಕು ಅಂತಲೇ, ಹಲವರು ಒಂದೇ ಫೈಲಿನಲ್ಲಿ ಆನ್‌ಲೈನ್ ಆಗಿ ಒಟ್ಟಿಗೆ ಬರೆಯಬಹುದಾದ ಗೂಗಲ್ ಡಾಕ್ಸ್ ಹಿಡಿದೆ.

ಮೊದಲ ದಿನ ಪೂರ್ತಿ ಎಡವಟ್ಟು. ಲಿಂಕ್ ಇದ್ದವರೆಲ್ಲ ಎಡಿಟ್ ಮಾಡಬಹುದು ಅಂತ ಇಟ್ಟು, ಅದನ್ನು ಕ್ಲಾಸ್ ಗ್ರೂಪಿಗೆ ಹಾಕಿಬಿಟ್ಟೆ. ಒಂದು ಖಾಲಿ ಪುಟಕ್ಕೆ ಐವತ್ತು ಜನ ನುಗ್ಗಿದರು. ಲಾಗಿನ್ ಆಗದೆ ಬಂದವರಿಗೆ ಡಾಕ್ಸ್ ಪ್ರಾಣಿಗಳ ಹೆಸರಿಡುತ್ತದೆ. ನೋಡುತ್ತಿದ್ದ ಹಾಗೆ ಪುಟದ ಮೇಲ್ಗಡೆ ಮೃಗಾಲಯವೇ ಸೇರಿತು. ಒಬ್ಬರು ಬರೆಯುತ್ತಿದ್ದ ಸಾಲಿನ ನಡುವೆ ಇನ್ನೊಬ್ಬರು 'ಹಾಯ್' ಅಂತ ಒತ್ತಿದರು. ಅಷ್ಟರಲ್ಲಿ ಯಾರದೋ ಕೈತಪ್ಪಿ ಇಡೀ ಪುಟವೇ ಮಾಯ. ನಾನು ಕಂಟ್ರೋಲ್ ಝಡ್ ಒತ್ತಿದ್ದೇ ಒತ್ತಿದ್ದು. ಅದು ನಾವು ಮಾಡಿದ್ದನ್ನಷ್ಟೇ ಹಿಂದಕ್ಕೆ ತರುತ್ತದೆ, ಬೇರೆಯವರು ಅಳಿಸಿದ್ದನ್ನಲ್ಲ ಅಂತ ಆಗ ಗೊತ್ತಿರಲಿಲ್ಲ. ಕೊನೆಗೆ ಹಿಂದಿನ ಬೆಂಚಿನ ಹುಡುಗನೊಬ್ಬ, "ಮೇಡಂ, ಫೈಲ್ ಮೆನುಲಿ ವರ್ಷನ್ ಹಿಸ್ಟರಿ ಇದೆ ನೋಡಿ" ಅಂದ. ಯಾರು ಯಾವಾಗ ಏನು ಬದಲಿಸಿದರು ಅನ್ನೋ ದಾಖಲೆ ಅದು. ಹೋಗಿದ್ದೆಲ್ಲ ಅಲ್ಲಿ ಸಿಕ್ಕಿತು.

ಒಂದೇ ಫೈಲನ್ನು ಒಟ್ಟಿಗೆ 100 ಸಾಧನಗಳಲ್ಲಿ ತೆರೆದು ಎಡಿಟ್ ಮಾಡಬಹುದು. ಆದರೆ ಪಾಠಕ್ಕೆ ಐದಾರು ಜನಕ್ಕಿಂತ ಜಾಸ್ತಿ ಬೇಡ. ಈಗ ಗುಂಪಿಗೊಂದು ಫೈಲ್ ಮಾಡಿ, ಪ್ರತಿಯೊಬ್ಬರ ಇಮೇಲ್ ಹಾಕಿಯೇ ಶೇರ್ ಮಾಡುತ್ತೇನೆ. ಖಾಲಿ ಪುಟವನ್ನಂತೂ ಕೊಡುವುದೇ ಇಲ್ಲ. ಒಂದು ಟೇಬಲ್ ಇರುತ್ತದೆ: ಪ್ರಶ್ನೆ, ಉತ್ತರ, ಪಕ್ಕದಲ್ಲಿ 'ಹೀಗಂತ ಹೇಗೆ ಹೇಳ್ತೀರಿ?' ಅನ್ನೋ ಕಾಲಂ. ಒಬ್ಬೊಬ್ಬರಿಗೆ ಒಂದೊಂದು ಸಾಲು. ಬೇರೆಯವರ ಸಾಲಿಗೆ ಕೈ ಹಾಕುವುದಾದರೆ ಸಜೆಸ್ಟಿಂಗ್ ಮೋಡ್‌ನಲ್ಲೇ ಹಾಕಬೇಕು. ಅಲ್ಲಿ ಅಳಿಸಿದ್ದು ಅಳಿಸಿಹೋಗುವುದಿಲ್ಲ, ಮೇಲೊಂದು ಗೆರೆ ಬೀಳುತ್ತದೆ ಅಷ್ಟೆ.

ನಿಜವಾದ ಪಾಠ ನಡೆದದ್ದು ಕಾಮೆಂಟುಗಳಲ್ಲಿ. ಒಬ್ಬ ಹುಡುಗ ಬರೆದಿದ್ದ: 'ಹಣದುಬ್ಬರ ಶೇ. 8ರಿಂದ 5ಕ್ಕೆ ಇಳಿದರೆ ಸಾಮಾನಿನ ಬೆಲೆ ಕಡಿಮೆಯಾಗುತ್ತದೆ.' ಕ್ಲಾಸಿನಲ್ಲಿ ಬಾಯಿಯೇ ಬಿಡದ ಹುಡುಗಿಯೊಬ್ಬಳು ಅದರ ಪಕ್ಕ, 'ಕಡಿಮೆ ಆಗಲ್ಲ ಅಲ್ವಾ? ಏರೋದು ನಿಧಾನ ಆಗುತ್ತೆ' ಅಂತ ಹಾಕಿದಳು. ಅವನು ಒಪ್ಪಲಿಲ್ಲ. ಅವಳು ಲೆಕ್ಕ ಹಾಕಿ ತೋರಿಸಿದಳು: 100 ಇದ್ದದ್ದು ಮೊದಲ ವರ್ಷ 108, ಮರುವರ್ಷ 113.40. ನಾನು ಇದನ್ನೇ ಬೋರ್ಡಿನ ಮೇಲೆ ಎಷ್ಟು ಸಲ ಬರೆದಿದ್ದೇನೋ! ಉತ್ತರ ಕೊಡಲು ಕೈ ತುರಿಸುತ್ತಿತ್ತು, ಆದರೂ ಸುಮ್ನೆ ಕೂತೆ. ಮೇಷ್ಟ್ರು ಕಾಮೆಂಟ್ ಹಾಕಿದ ಕೂಡಲೇ ಮಕ್ಕಳ ಮಾತು ನಿಂತುಹೋಗುತ್ತದೆ.

ನನ್ನ ತಪ್ಪೂ ಹೇಳಬೇಕು. ವರ್ಷನ್ ಹಿಸ್ಟರಿ ನೋಡಿ ಮಾರ್ಕ್ಸ್ ಹಾಕಲು ಶುರು ಮಾಡಿದ್ದೆ. ಯಾರು ಯಾವ ಬಣ್ಣ, ಎಷ್ಟು ಹೊತ್ತಿಗೆ ಬರೆದರು, ಎಲ್ಲ ಕಾಣುತ್ತದಲ್ಲ, ಇನ್ನೇನು ಬೇಕು ಅಂದುಕೊಂಡೆ. ಒಬ್ಬ ವಿದ್ಯಾರ್ಥಿನಿಯ ಎರಡು ಪುಟ ಒಂದೇ ನಿಮಿಷದಲ್ಲಿ ಬಂದು ಬಿದ್ದಿತ್ತು. "ಎಲ್ಲಿಂದ ಕಾಪಿ ಮಾಡಿದೆಯಮ್ಮಾ?" ಅಂತ ಎಲ್ಲರೆದುರು ಕೇಳಿಬಿಟ್ಟೆ. ಅವಳು ಏನೂ ಹೇಳಲಿಲ್ಲ. ಮರುದಿನ ನೋಟ್‌ಬುಕ್ ತಂದು ಮೇಜಿನ ಮೇಲಿಟ್ಟಳು. ಮನೆಯಲ್ಲಿ ಇದ್ದದ್ದು ಒಂದೇ ಫೋನು. ಎರಡು ರಾತ್ರಿ ಕೈಯಲ್ಲಿ ಬರೆದು, ಫೋನಿನ ನೋಟ್ಸ್‌ನಲ್ಲಿ ಟೈಪ್ ಮಾಡಿಟ್ಟುಕೊಂಡು, ನೆಟ್ ಸಿಕ್ಕಾಗ ಪೇಸ್ಟ್ ಮಾಡಿದ್ದಳು. ಪುಟದ ತುಂಬ ಹೊಡೆದುಹಾಕಿದ ಸಾಲುಗಳು, ಅಂಚಿನಲ್ಲಿ ಬಾಣದ ಗುರುತು. ಎಲ್ಲರೆದುರು ಕೇಳಿದ್ದಕ್ಕೆ ಎಲ್ಲರೆದುರೇ ಕ್ಷಮೆ ಕೇಳಿದೆ.

ಹಾಗಂತ ಹಿಸ್ಟರಿ ನೋಡುವುದನ್ನು ಬಿಟ್ಟಿಲ್ಲ. ಯಾರು ಟೈಪ್ ಮಾಡಿದರು ಅಂತ ತಿಳಿಯಲು ಮಾತ್ರ ನೋಡುತ್ತೇನೆ. ಅರ್ಧ ಮಾರ್ಕ್ಸ್ ಈಗ ಮೂರು ನಿಮಿಷದ ಮಾತಿಗೆ: ಪಕ್ಕದವರ ಸಾಲು ಓದಿ, ಅದನ್ನು ನನಗೆ ವಿವರಿಸಬೇಕು. ಟೇಬಲ್‌ಗೆ ನಾಲ್ಕನೇ ಕಾಲಂ ಕೂಡ ಬಂದಿದೆ, 'ಮೊದಲು ಎಲ್ಲಿ ಬರೆದಿರಿ?' ಅಂತ. ಹೋದ ಸಲ ಒಬ್ಬ ಅಲ್ಲಿ 'ಬಸ್ಸಿನಲ್ಲಿ, ಟಿಕೆಟ್ ಹಿಂದೆ' ಅಂತ ಬರೆದು, ಟಿಕೆಟಿನ ಫೋಟೋನೂ ಹಾಕಿದ್ದ.