ಅಮೆರಿಕಕ್ಕೆ ಹೊರಟ ಕೊಡಗಿನವರಿಗೆ: ಹಳೇ ಕಾರಿಗೆ ಸಾಲ ಮಾಡಬೇಕಾ?

ಆಗಸ್ಟಿನಲ್ಲಿ ಕ್ಲಾಸು ಶುರು, ಜುಲೈ ಕೊನೆಗೆ ವಿಮಾನ. ಈ ಸಲ ರಜೆಗೆ ವಿರಾಜಪೇಟೆಗೆ ಬಂದಾಗಿನಿಂದ ಇಂಥ ಮಕ್ಕಳು, ಅವರ ಅಪ್ಪ-ಅಮ್ಮ ಮದುವೆ ಮನೆಗಳಲ್ಲಿ ಸಿಕ್ಕಾಗಲೆಲ್ಲ ಕಾರಿನ ವಿಷಯ ಕೇಳುತ್ತಾರೆ. ಕೆಲಸದ ವೀಸಾದಲ್ಲಿ ಹೊರಟವರದ್ದೂ ಅದೇ ಪ್ರಶ್ನೆ. ಅಲ್ಲಿ ಕಾರಿಲ್ಲದೆ ಆಗಲ್ಲವಂತೆ, ಸೆಕೆಂಡ್ ಹ್ಯಾಂಡ್ ಸಾಕಂತೆ, ಸಾಲ ಸುಲಭವಾಗಿ ಸಿಗುತ್ತಂತೆ, ತಗೊಳ್ಳಬಹುದಾ? ನಾನು ಅಲ್ಲಿ ನೆಲೆಸಿ ಬಹಳ ವರ್ಷವಾಯಿತು. ಹೊಸದಾಗಿ ಬಂದವರ ಜೊತೆ ಡೀಲರ್ ಅಂಗಡಿಗೆ ಹೋಗಿ ಪಕ್ಕದ ಕುರ್ಚಿಯಲ್ಲಿ ಕೂರುವುದು ರೂಢಿಯಾಗಿಬಿಟ್ಟಿದೆ. ಹಾಗಾಗಿ ಒಬ್ಬೊಬ್ಬರಿಗೂ ಬಿಡಿಯಾಗಿ ಹೇಳುವ ಬದಲು ಒಮ್ಮೆ ಬರೆದುಬಿಡುತ್ತೇನೆ.

ನನ್ನ ಉತ್ತರ ಮೊದಲೇ ಹೇಳುತ್ತೇನೆ. ಓದಲು ಹೋಗುವವರು ಸಾಲದ ಗೊಡವೆಗೆ ಹೋಗಬೇಡಿ. ಕೈಯಲ್ಲಿರುವ ದುಡ್ಡಿಗೆ ಬರುವ ಕಾರು ತಗೊಳ್ಳಿ, ಇಲ್ಲ ಮೊದಲ ವರ್ಷ ಕಾರೇ ಬೇಡ. ಕೆಲಸಕ್ಕೆ ಹೋಗುವವರು ಸಾಲ ಮಾಡಬಹುದು, ಆದರೆ ವೀಸಾದ ಅವಧಿಗಿಂತ ಸಾಲದ ಅವಧಿ ಚಿಕ್ಕದಿರಬೇಕು. ಮೂರು ವರ್ಷ ಮೀರಬಾರದು. ಉಳಿದದ್ದೆಲ್ಲ ಯಾಕೆ ಅಂತ.

ವಾಹನ ಯಾಕೆ ಬೇಕು ಅಂತ ಕೊಡಗಿನವರಿಗೆ ವಿವರಿಸಬೇಕಾಗಿಲ್ಲ. ನಮ್ಮ ಜಿಲ್ಲೆಯಲ್ಲಿ ರೈಲೇ ಇಲ್ಲ. ತೋಟದ ದಾರಿಯಿಂದ ಮುಖ್ಯ ರಸ್ತೆಗೆ ನಡೆದು ಬರುವಷ್ಟರಲ್ಲಿ ಬಸ್ಸು ಹೋಗಿಬಿಟ್ಟರೆ ಆವತ್ತಿನ ಕೆಲಸ ಕೆಟ್ಟಂತೆಯೇ. ಅಮೆರಿಕದ ಬಹುಪಾಲು ಊರುಗಳೂ ಹೀಗೇ. ಟೆಕ್ಸಾಸ್, ಒಹಾಯೊ, ನಾರ್ತ್ ಕ್ಯಾರೊಲಿನಾದ ಸಣ್ಣ ಊರುಗಳಲ್ಲಿ ತರಕಾರಿ ತರಲೂ ಕಾರು ಬೇಕು. ನ್ಯೂಯಾರ್ಕ್, ಬಾಸ್ಟನ್, ಶಿಕಾಗೊ ನಗರದ ಒಳಗೇ ಇರುವವರಿಗೆ ಮಾತ್ರ ಕಾರು ತಲೆನೋವು. ಅಲ್ಲಿ ಪಾರ್ಕಿಂಗ್ ದುಡ್ಡಿನಲ್ಲೇ ಮೆಟ್ರೊ ಪಾಸ್ ಬಂದುಬಿಡುತ್ತದೆ. ಅಂಥವರು ಇಲ್ಲಿಗೇ ಓದು ನಿಲ್ಲಿಸಬಹುದು.

ಇನ್ನು ಸಾಲ. ನಮ್ಮ ಮನೆಗಳಲ್ಲಿ ಸಾಲದ ಲೆಕ್ಕ ನಡೆಯುವುದು ಕಾಫಿ ಕ್ಯಾಲೆಂಡರಿನ ಪ್ರಕಾರ. ಸೊಸೈಟಿಯ ಬೆಳೆಸಾಲವಾಗಲಿ, ಅಂಗಡಿಯ ಗೊಬ್ಬರದ ಬಾಕಿಯಾಗಲಿ, ನೆಂಟರ ಕೈಸಾಲವಾಗಲಿ, ‘ರೊಬಸ್ಟಾ ಕೊಯ್ಲು ಮುಗೀಲಿ, ಕೊಡ್ತೇನೆ’ ಅಂದರೆ ಎದುರಿನವರಿಗೆ ಅರ್ಥವಾಗುತ್ತದೆ. ಹೂಮಳೆ ತಡವಾದರೆ ಮುಂದಿನ ವರ್ಷಕ್ಕೂ ದಾಟಬಹುದು. ಅಮೆರಿಕದಲ್ಲಿ ಆ ಮಾತಿಗೆ ಜಾಗವೇ ಇಲ್ಲ. ಪ್ರತಿ ತಿಂಗಳು, ಹೇಳಿದ ದಿನ. 30 ದಿನ ತಡವಾದರೆ ಅದು ನಿಮ್ಮ ಕ್ರೆಡಿಟ್ ವರದಿಗೆ, ಅಂದರೆ ಸಾಲ ತೀರಿಸಿದ ಇತಿಹಾಸದ ದಾಖಲೆಗೆ ಹೋಗುತ್ತದೆ, ಏಳು ವರ್ಷ ಅಲ್ಲೇ ಇರುತ್ತದೆ. ಇನ್ನೂ ಬಾಕಿ ಬಿದ್ದರೆ ಎಷ್ಟೋ ರಾಜ್ಯಗಳಲ್ಲಿ ಕೋರ್ಟಿನ ಆದೇಶವೂ ಬೇಡ, ರಾತ್ರಿ ಲಾರಿ ಬಂದು ಮನೆ ಮುಂದಿನ ಕಾರನ್ನು ಎತ್ತಿಕೊಂಡು ಹೋಗುತ್ತದೆ. ಅಷ್ಟಕ್ಕೇ ಮುಗಿಯಲ್ಲ. ಕಾರನ್ನು ಹರಾಜಿನಲ್ಲಿ ಮಾರುತ್ತಾರೆ, ಬಂದ ದುಡ್ಡು ಸಾಲಕ್ಕೆ ಸಾಲದಿದ್ದರೆ ಉಳಿದದ್ದನ್ನು ನೀವೇ ಕಟ್ಟಬೇಕು. ಕಾರೂ ಇಲ್ಲ, ಸಾಲವೂ ತೀರಲಿಲ್ಲ.

ಬಡ್ಡಿ ಎಷ್ಟು ಅನ್ನುವುದು ನಿಮ್ಮ ಕ್ರೆಡಿಟ್ ಸ್ಕೋರ್ ಮೇಲೆ ನಿಂತಿದೆ. ಇದು 300ರಿಂದ 850ರವರೆಗಿನ ಒಂದು ಅಂಕ. ಇಲ್ಲಿ ನಿಮ್ಮ ಸಿಬಿಲ್ ಎಷ್ಟೇ ಚೆನ್ನಾಗಿರಲಿ, ಅಲ್ಲಿ ಇಳಿದ ದಿನ ನೀವು ಖಾಲಿ ಹಾಳೆ. ಏನಾದರೂ ಒಂದು ಖಾತೆ, ಕ್ರೆಡಿಟ್ ಕಾರ್ಡೋ ಮತ್ತೊಂದೋ, ಕನಿಷ್ಠ ಆರು ತಿಂಗಳು ನಡೆದ ಮೇಲೇ ಅಲ್ಲಿ ಹೆಚ್ಚು ಬಳಕೆಯಲ್ಲಿರುವ ಫೈಕೊ ಎಂಬ ಕ್ರೆಡಿಟ್ ಸ್ಕೋರ್ ಹುಟ್ಟುವುದು. 2024ರಲ್ಲಿ ಹಳೇ ಕಾರಿನ ಸಾಲಕ್ಕೆ ಅಲ್ಲಿನ ಸರಾಸರಿ ಬಡ್ಡಿ ಶೇ. 12ರ ಹತ್ತಿರ ಇತ್ತು, ಹೊಸ ಕಾರಿಗೆ 7ರ ಹತ್ತಿರ. ಹಳೇ ಕಾರಿಗೆ ಬಡ್ಡಿ ಜಾಸ್ತಿ ಅನ್ನುವುದು ನೆನಪಿರಲಿ. ಸ್ಕೋರೇ ಇಲ್ಲದವರಿಗೆ 18 ಅಂದರೂ ಆಶ್ಚರ್ಯ ಬೇಡ.

ಲೆಕ್ಕ ಮಾಡಿ ನೋಡೋಣ. 12,000 ಡಾಲರ್ ಸಾಲ, ಶೇ. 12 ಬಡ್ಡಿ. ಮೂರು ವರ್ಷಕ್ಕೆ ಕಂತು ತಿಂಗಳಿಗೆ ಸುಮಾರು 399 ಡಾಲರ್, ಒಟ್ಟು ಬಡ್ಡಿ 2,350. ಐದು ವರ್ಷಕ್ಕೆ ಎಳೆದರೆ ಕಂತು 267ಕ್ಕೆ ಇಳಿಯುತ್ತದೆ, ಬಡ್ಡಿ 4,000 ದಾಟುತ್ತದೆ. ಆರು ವರ್ಷಕ್ಕೆ ಕಂತು 235, ಬಡ್ಡಿ 4,900ರ ಹತ್ತಿರ. ಅದೇ ಸಾಲ ಶೇ. 18ರಲ್ಲಿ ಐದು ವರ್ಷಕ್ಕಾದರೆ ಬಡ್ಡಿಯೇ 6,280, ಅಂದರೆ ಕಾರಿನ ಅರ್ಧ ಬೆಲೆ. ಒಂದು ವರ್ಷ ಕಾದು, ಸ್ಕೋರ್ ಕಟ್ಟಿಕೊಂಡು, ಶೇ. 7ಕ್ಕೆ ಮೂರು ವರ್ಷದ ಸಾಲ ಸಿಕ್ಕರೆ ಬಡ್ಡಿ 1,340 ಮಾತ್ರ. ಇದನ್ನೆಲ್ಲ ರೂಪಾಯಿಗೆ ತಿರುಗಿಸಿ ಎದೆ ಒಡೆದುಕೊಳ್ಳಬೇಡಿ. ಡಾಲರಿನಲ್ಲಿ ಸಂಬಳ, ಡಾಲರಿನಲ್ಲೇ ಲೆಕ್ಕ ಇರಲಿ.

ಡೀಲರ್ ಅಂಗಡಿಯಲ್ಲಿ ನಡೆಯುವುದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ನಮ್ಮವರು ಸೋಲುವುದು ಅಲ್ಲೇ. ಕಾರು ಓಡಿಸಿ ನೋಡಿ ಒಳಗೆ ಬಂದು ಕೂತ ಕೂಡಲೇ ನಗುನಗುತ್ತಾ ಕೇಳುವ ಮೊದಲ ಪ್ರಶ್ನೆ, ‘ತಿಂಗಳಿಗೆ ಎಷ್ಟು ಕಟ್ಟಬಹುದು?’ ಕೆಲವರು ಒಂದು ಹಾಳೆ ತೆಗೆದು ಅಡ್ಡ ಒಂದು, ಉದ್ದ ಒಂದು ಗೆರೆ ಎಳೆದು ನಾಲ್ಕು ಚೌಕ ಮಾಡುತ್ತಾರೆ. ಒಂದರಲ್ಲಿ ಕಾರಿನ ಬೆಲೆ, ಒಂದರಲ್ಲಿ ನಿಮ್ಮ ಹಳೆ ಕಾರಿದ್ದರೆ ಅದರ ಬೆಲೆ, ಒಂದರಲ್ಲಿ ಮುಂಗಡ, ಕೊನೆಯದರಲ್ಲಿ ತಿಂಗಳ ಕಂತು. ದಪ್ಪ ಪೆನ್ನಿನಲ್ಲಿ ಬರೆಯುತ್ತಾರೆ, ಹೊಡೆದುಹಾಕುತ್ತಾರೆ, ಮತ್ತೆ ಬರೆಯುತ್ತಾರೆ. ನಿಮ್ಮ ಕಣ್ಣು ಕಂತಿನ ಚೌಕದ ಮೇಲೆ ನೆಟ್ಟಿರುವಾಗ ಬೆಲೆಯ ಚೌಕದಲ್ಲಿ ಐನೂರು ಡಾಲರ್ ಮೇಲೇರಿರುತ್ತದೆ. ಅಥವಾ ಮೂರು ವರ್ಷ ಇದ್ದದ್ದು ಆರು ವರ್ಷ ಆಗಿರುತ್ತದೆ.

ತಿಂಗಳ ಲೆಕ್ಕ ಬಾಯಿಬಿಡಬೇಡಿ. ‘ತೆರಿಗೆ, ನೋಂದಣಿ, ನಿಮ್ಮ ಶುಲ್ಕ ಎಲ್ಲ ಸೇರಿ ಕಾರು ಅಂಗಡಿಯಿಂದ ಹೊರಗೆ ಬರಲು ಎಷ್ಟು?’ ಅಂತ ಮಾತ್ರ ಕೇಳಿ. ಆ ಅಂಕಿ ಕಾಗದದ ಮೇಲೆ ಬಂದ ಮೇಲೆ ಸಾಲದ ಮಾತು. ಬೆಲೆ ಬೇರೆ, ಸಾಲ ಬೇರೆ. ಅದಕ್ಕೇ ಸಾಲವನ್ನು ಹೊರಗೇ ಮಾತಾಡಿಕೊಂಡು ಹೋಗಬೇಕು ಅನ್ನುವುದು. ಕ್ರೆಡಿಟ್ ಯೂನಿಯನ್ ಅಂತ ಇರುತ್ತವೆ. ನಮ್ಮ ಸಹಕಾರ ಸಂಘದ ಹಾಗೆ ಸದಸ್ಯರದ್ದೇ ಬ್ಯಾಂಕು, ಯೂನಿವರ್ಸಿಟಿ ಅಥವಾ ಕಂಪನಿ ಮೂಲಕ ಸದಸ್ಯತ್ವ ಸಿಗುತ್ತದೆ. ಫೆಡರಲ್, ಅಂದರೆ ಕೇಂದ್ರ ಸರ್ಕಾರದ ಪರವಾನಗಿ ಇರುವ ಕ್ರೆಡಿಟ್ ಯೂನಿಯನ್‌ಗಳು ಸಾಮಾನ್ಯವಾಗಿ ಶೇ. 18 ಮೀರಿ ಬಡ್ಡಿ ಹಾಕುವಂತಿಲ್ಲ. ಎಷ್ಟೋ ಕಡೆ ಅದಕ್ಕಿಂತ ಬಹಳ ಕಡಿಮೆಗೇ ಕೊಡುತ್ತಾರೆ, ಸಂಬಳದ ಚೀಟಿ, ಆಫರ್ ಲೆಟರ್ ನೋಡಿ ಸ್ಕೋರ್ ಇಲ್ಲದವರಿಗೂ ಕೊಡುವವರಿದ್ದಾರೆ. ಎರಡು ಮೂರು ಕಡೆ ಕೇಳಿ. ಕೇಳಿದ್ದಕ್ಕೆಲ್ಲ ಸ್ಕೋರ್ ಬೀಳುತ್ತದೆ ಅಂತ ಹೆದರಬೇಡಿ. 14 ದಿನದೊಳಗೆ ಕೇಳಿದ ಕಾರು ಸಾಲದ ಅರ್ಜಿಗಳನ್ನು ಒಂದೇ ಅರ್ಜಿಯಂತೆ ಲೆಕ್ಕ ಹಾಕುತ್ತಾರೆ.

ಹೀಗೆ ಹೊರಗೆ ಮಾತಾಡಿಕೊಂಡ ಸಾಲಕ್ಕೆ ಮುಂಚಿತ ಮಂಜೂರಾತಿ ಪತ್ರ ಕೈಯಲ್ಲಿದ್ದರೆ ಡೀಲರ್ ಹತ್ತಿರವೂ ಸಾಲ ಕೇಳಿ ನೋಡಬಹುದು, ಅವರು ಇನ್ನೂ ಕಡಿಮೆಗೆ ಕೊಟ್ಟರೆ ಒಳ್ಳೆಯದೇ. ಆದರೆ ಬ್ಯಾಂಕು ಡೀಲರಿಗೆ 9 ಅಂತ ಹೇಳಿದ್ದನ್ನು ಅವರು ನಿಮಗೆ 11 ಅಂತ ಹೇಳಿ ನಡುವಿನದ್ದರಲ್ಲಿ ಪಾಲು ತಗೊಳ್ಳಬಹುದು. ಅದು ಅಲ್ಲಿ ಕಾನೂನುಬದ್ಧ ವ್ಯಾಪಾರ. ಸಹಿಗೆ ಮೊದಲು ಒಪ್ಪಂದದಲ್ಲಿ ಒಂದು ಸಾಲು ಚೌಕಗಳಿರುತ್ತವೆ: ವಾರ್ಷಿಕ ದರ ಅಂದರೆ ಎಪಿಆರ್, ಒಟ್ಟು ಬಡ್ಡಿ, ಸಾಲದ ಮೊತ್ತ, ಕಟ್ಟಬೇಕಾದ ಒಟ್ಟು ದುಡ್ಡು. 1968ರ ಕಾಯ್ದೆಯೊಂದರಿಂದಾಗಿ ಇವನ್ನು ತೋರಿಸಲೇಬೇಕು. ಸಾಲದ ಮೊತ್ತ ನೀವು ಅಂದುಕೊಂಡದ್ದಕ್ಕಿಂತ ಜಾಸ್ತಿ ಇದ್ದರೆ ಎಲ್ಲೋ ವಾರಂಟಿ, ಪೇಂಟ್ ಕೋಟಿಂಗ್, ಗ್ಯಾಪ್ ವಿಮೆ (ಕಾರು ಹಾಳಾದಾಗ ಅದರ ಬೆಲೆಗಿಂತ ಜಾಸ್ತಿ ಉಳಿದ ಸಾಲ ತುಂಬುವ ವಿಮೆ) ಏನೋ ಸೇರಿಸಿದ್ದಾರೆ ಅಂತ ಲೆಕ್ಕ. ತೆಗೆಯಿರಿ ಅನ್ನಿ, ಸಂಕೋಚ ಬೇಡ. ನಮ್ಮ ಮಕ್ಕಳಿಗೆ ಈ ಸಂಕೋಚವೇ ಜಾಸ್ತಿ.

ಮೂರು ದಿನದೊಳಗೆ ಕಾರು ವಾಪಸ್ ಕೊಡಬಹುದು ಅಂತ ಯಾರೋ ಹೇಳುತ್ತಾರೆ. ಅಂಗಡಿಯಲ್ಲಿ ಕೊಂಡ ಕಾರಿಗೆ ಆ ಫೆಡರಲ್ ನಿಯಮ ಅನ್ವಯಿಸುವುದಿಲ್ಲ, ನಂಬಬೇಡಿ. ಇನ್ನೊಂದು, ಸಾಲ ಪೂರ್ತಿ ಮಂಜೂರಾಗುವ ಮೊದಲೇ ‘ಕಾರು ತಗೊಂಡು ಹೋಗಿ’ ಅಂತ ಕೀಲಿ ಕೊಟ್ಟು, ವಾರ ಕಳೆದ ಮೇಲೆ ಕರೆದು ‘ಬ್ಯಾಂಕು ಒಪ್ಪಲಿಲ್ಲ, ಬಡ್ಡಿ ಜಾಸ್ತಿ ಆಗುತ್ತೆ’ ಅನ್ನುವ ವರಸೆಯಿದೆ. ಮಂಜೂರಾತಿ ಅಂತಿಮ ಅಂತ ಬರಹದಲ್ಲಿ ಸಿಗುವವರೆಗೆ ಕೀಲಿ ಮುಟ್ಟಬೇಡಿ.

ಸಾಲದ ಕಾರಿಗೆ ಇನ್ನೊಂದು ಖರ್ಚು ಬೆನ್ನಿಗೆ ಬರುತ್ತದೆ. ಸ್ವಂತ ದುಡ್ಡಿನ ಕಾರಿಗೆ ಹೆಚ್ಚಿನ ರಾಜ್ಯಗಳಲ್ಲಿ ಎದುರಿನವರಿಗೆ ಆದ ನಷ್ಟದ ವಿಮೆ ಇದ್ದರೆ ಸಾಕು. ಸಾಲ ಇದ್ದರೆ ನಿಮ್ಮ ಕಾರಿಗೂ ಪೂರ್ತಿ ವಿಮೆ ಮಾಡಿಸಲೇಬೇಕು ಅಂತ ಸಾಲ ಕೊಟ್ಟವರು ಷರತ್ತು ಹಾಕುತ್ತಾರೆ. ಅಲ್ಲಿನ ಡ್ರೈವಿಂಗ್ ಇತಿಹಾಸ ಇಲ್ಲದ ಹೊಸಬರಿಗೆ ವಿಮೆ ಮೊದಲೇ ದುಬಾರಿ. ಮಡಿಕೇರಿ ಘಾಟಿಯಲ್ಲಿ ಮಂಜಿನ ನಡುವೆ ಹತ್ತು ವರ್ಷ ಜೀಪು ಓಡಿಸಿದ್ದೇನೆ ಅಂದರೆ ಅವರ ಕಂಪ್ಯೂಟರಿಗೆ ಅದು ಸೊನ್ನೆ ಅನುಭವ! ಹಾಗಾಗಿ ಕಾರು ನೋಡುವ ಮೊದಲೇ ವಿಮೆಯ ದರ ಎರಡೂ ರೀತಿಯಲ್ಲಿ ಕೇಳಿಕೊಳ್ಳಿ. ಕಂತು ಮತ್ತು ವಿಮೆ ಕೂಡಿಸಿದರೆ ಎಷ್ಟೋ ಸಲ ‘ಸುಲಭ ಸಾಲ’ ಅಲ್ಲೇ ಸುಲಭ ಅಲ್ಲ ಅಂತ ಗೊತ್ತಾಗುತ್ತದೆ.

ಸಿದ್ದಾಪುರದ ಕಡೆಯ ಒಬ್ಬರು ಮೊನ್ನೆ ಕೇಳಿದರು. ‘ಮೆಣಸು ಮಾರದೆ ಇಟ್ಟಿದ್ದೇನೆ. ಮಗ ಅಲ್ಲಿ ಬಡ್ಡಿ ಕಟ್ಟುವ ಬದಲು ಅದನ್ನು ಮಾರಿ ಕಳಿಸಿದರೆ ಆಗಲ್ವಾ?’ ಆಗುತ್ತದೆ, ಮತ್ತು ಇದು ದಡ್ಡ ಯೋಚನೆ ಅಲ್ಲವೇ ಅಲ್ಲ. ಇಲ್ಲೇ ಸಾಲ ಮಾಡಿ ಕಳಿಸುವುದೂ ಹಾಗೇ: ಚಿನ್ನದ ಮೇಲೆ ಇಲ್ಲಿನ ಬ್ಯಾಂಕು ಶೇ. ಒಂಬತ್ತು ಹತ್ತರ ಆಸುಪಾಸಿನಲ್ಲಿ ಕೊಡುವಾಗ ಅಲ್ಲಿ 18 ಕಟ್ಟುವುದರಲ್ಲಿ ಅರ್ಥವಿಲ್ಲ. ಜೊತೆಗೆ ರೂಪಾಯಿ ಸಾಲವನ್ನು ಡಾಲರ್ ಸಂಬಳದಿಂದ ತೀರಿಸುವಾಗ ರೂಪಾಯಿ ಇಳಿದಷ್ಟೂ ನಿಮಗೆ ಹಗುರ. 2014ರಲ್ಲಿ ಡಾಲರಿಗೆ 60ರ ಹತ್ತಿರ ಇದ್ದದ್ದು 2024ಕ್ಕೆ 83 ದಾಟಿತ್ತು. ಬ್ಯಾಂಕಿನಿಂದ ಕಳಿಸಲು ಪ್ಯಾನ್ ಬೇಕು. 2025ರ ಏಪ್ರಿಲ್‌ನಿಂದ ವರ್ಷಕ್ಕೆ 10 ಲಕ್ಷದವರೆಗೆ ಟಿಸಿಎಸ್ (ಹೊರದೇಶಕ್ಕೆ ದುಡ್ಡು ಕಳಿಸುವಾಗ ಬ್ಯಾಂಕು ಮೊದಲೇ ವಸೂಲು ಮಾಡುವ ತೆರಿಗೆ) ಹಿಡಿಯುವುದಿಲ್ಲ. ಆದರೆ ಅದೇ ವರ್ಷ ಅದೇ ಪ್ಯಾನಿನಿಂದ ಬೇರೆ ದುಡ್ಡು ಕಳಿಸಿದ್ದರೆ ಅದೂ ಲೆಕ್ಕಕ್ಕೆ ಸೇರುತ್ತದೆ. ನನ್ನ ಒಂದೇ ತಕರಾರು ಅಂದರೆ, ತೋಟದ ಮಳೆಗಾಲದ ಕೂಲಿಗೆ ಇಟ್ಟ ದುಡ್ಡನ್ನು ಇದಕ್ಕೆ ಮುಟ್ಟಬೇಡಿ. ಕಾಫಿ ದರ ಇವತ್ತು ಇದ್ದ ಹಾಗೆ ಯಾವಾಗಲೂ ಇರಲ್ಲ ಅಂತ ನಿಮಗೆ ನಾನು ಹೇಳಬೇಕಾ?

‘ಸ್ಕೋರ್ ಕಟ್ಟಲು ಕಾರು ಸಾಲ ಮಾಡು’ ಅಂತ ಅಲ್ಲಿ ರೂಮ್‌ಮೇಟುಗಳು ಹೇಳುತ್ತಾರೆ. ಸುಮ್ನೆ ಬಡ್ಡಿ ಕಟ್ಟಲು ಅದೊಂದು ನೆಪ. ಠೇವಣಿ ಇಟ್ಟು ಪಡೆಯುವ ಕ್ರೆಡಿಟ್ ಕಾರ್ಡಿನಲ್ಲಿ ತಿಂಗಳ ದಿನಸಿ ತಂದು ಪೂರ್ತಿ ಬಿಲ್ ಕಟ್ಟಿದರೆ ಸ್ಕೋರ್ ತಾನಾಗಿ ಬೆಳೆಯುತ್ತದೆ, ಬಡ್ಡಿ ಒಂದು ಸೆಂಟೂ ಇಲ್ಲ.

ವೀಸಾದ ಮಾತು ಮೊದಲೇ ಹೇಳಿದೆ. ಎಚ್-1ಬಿ ಎಂಬ ಕೆಲಸದ ವೀಸಾದಲ್ಲಿರುವಾಗ ಕೆಲಸ ಹೋದರೆ ಇನ್ನೊಂದು ಹುಡುಕಲು ಹೆಚ್ಚೆಂದರೆ 60 ದಿನ. ಆರು ವರ್ಷದ ಸಾಲದಲ್ಲಿ ಎರಡನೇ ವರ್ಷ ಇದು ಆದರೆ ಕಾರಿನ ಮಾರುವ ಬೆಲೆಗಿಂತ ಸಾಲವೇ ಜಾಸ್ತಿ ಉಳಿದಿರುತ್ತದೆ. ಮಾರಬೇಕೆಂದರೂ ಮೇಲೆ ದುಡ್ಡು ಹಾಕಬೇಕು. ಓದುವವರಿಗೆ ಕ್ಯಾಂಪಸ್ಸಿನಲ್ಲಿ ತರಗತಿ ನಡೆಯುವಾಗ ವಾರಕ್ಕೆ 20 ಗಂಟೆ ಕೆಲಸವಷ್ಟೇ. ಆ ಸಂಬಳದಲ್ಲಿ ಕಂತು ಹೊಂದಿಸುವುದು ಬೇಡ. ನಾಲ್ಕು ಜನ ಸೇರಿ ಒಂದು ಹಳೇ ಕೊರೊಲಾ ತಗೊಂಡು ಓಡಿಸುವ ಹುಡುಗರನ್ನು ನೋಡಿದ್ದೇನೆ. ಯಾರ ಹೆಸರಿನಲ್ಲಿ ಇದೆ, ಯಾರಿಗೆಲ್ಲ ವಿಮೆ ಇದೆ ಅನ್ನುವುದನ್ನು ಮೊದಲೇ ಬರೆದಿಟ್ಟುಕೊಂಡರೆ ಅದು ಚೆನ್ನಾಗಿಯೇ ನಡೆಯುತ್ತದೆ.

ಕಾರು ನೋಡುವ ವಿಷಯ ಬೇರೆಯದೇ, ಇಲ್ಲಿ ಎರಡು ಮಾತು. ಪ್ರತಿ ಕಾರಿಗೂ ಬೇರೆಬೇರೆಯಾಗಿರುವ 17 ಅಕ್ಷರ-ಅಂಕಿಗಳ ಗುರುತು ಸಂಖ್ಯೆ, ವಿನ್ ನಂಬರ್ ಹಾಕಿದರೆ ಹಿಂದಿನ ಅಪಘಾತ, ಮಾಲೀಕರ ವರದಿ ದುಡ್ಡಿಗೆ ಸಿಗುತ್ತದೆ, ರಿಕಾಲ್ (ದೋಷ ಸರಿಪಡಿಸಲು ಕಂಪನಿ ವಾಪಸ್ ಕರೆದದ್ದು) ಇದೆಯಾ ಅನ್ನುವುದು ಸರ್ಕಾರದ ರಸ್ತೆ ಸುರಕ್ಷತಾ ಸಂಸ್ಥೆ ಎನ್‌ಎಚ್‌ಟಿಎಸ್‌ಎ ಜಾಲತಾಣದಲ್ಲಿ ಪುಕ್ಕಟೆ. ನೂರಿನ್ನೂರು ಡಾಲರ್ ಕೊಟ್ಟು ಬೇರೆ ಮೆಕ್ಯಾನಿಕ್ ಹತ್ತಿರ ತೋರಿಸಿ. ಪ್ರವಾಹದ ಕಾರಿನ ಬಗ್ಗೆ ಮಾತ್ರ ವಿಶೇಷ ಎಚ್ಚರ. 2018, 2019ರಲ್ಲಿ ಕುಶಾಲನಗರದ ಬಡಾವಣೆಗಳಿಗೆ ಕಾವೇರಿ ನುಗ್ಗಿದ್ದು ಕಂಡವರಿಗೆ ನೀರಲ್ಲಿ ಮುಳುಗಿದ ಕಾರು ಏನಾಗುತ್ತದೆ ಅಂತ ಗೊತ್ತು. 2017ರಲ್ಲಿ ಹ್ಯೂಸ್ಟನ್ ಮುಳುಗಿದ ಮೇಲೆ ಅಂಥ ಕಾರುಗಳು ತೊಳೆದು ಒರೆಸಿಕೊಂಡು ಬೇರೆ ರಾಜ್ಯಗಳಲ್ಲಿ ಮಾರಾಟಕ್ಕೆ ಬಂದವು. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆಯಿರಿ. ಒಳಗಿನ ಪಟ್ಟಿಯಲ್ಲಿ ಕೆಸರಿನ ಗೆರೆ, ಮುಗ್ಗಲು ವಾಸನೆ ಇದ್ದರೆ ಆ ಕಾರು ಬಿಟ್ಟು ಬನ್ನಿ.

ಸಾಲ ಮಾಡಿದ್ದರೆ ತೀರಿದ ದಿನದ ಕೆಲಸವೊಂದಿದೆ. ಇಲ್ಲಿ ಆರ್‌ಸಿಯಿಂದ ಬ್ಯಾಂಕಿನ ಹೆಸರು ತೆಗೆಸುತ್ತೇವಲ್ಲ, ಅಲ್ಲಿ ಟೈಟಲ್ ಎಂಬ ಕಾಗದದಲ್ಲಿ ಸಾಲ ಕೊಟ್ಟವರ ಹೆಸರಿರುತ್ತದೆ. ಕೊನೆಯ ಕಂತು ಕಟ್ಟಿದ ಮೇಲೆ ಬಿಡುಗಡೆ ಪತ್ರ ಕೇಳಿ ಪಡೆದು, ಟೈಟಲ್ ನಿಮ್ಮೊಬ್ಬರ ಹೆಸರಿಗೆ ಬಂದಿದೆಯಾ ನೋಡಿಕೊಳ್ಳಿ. ಊರಿಗೆ ವಾಪಸಾಗುವ ವಾರ ಕಾರು ಮಾರಲು ಹೊರಟಾಗ ಅದು ಇಲ್ಲದಿದ್ದರೆ ಕೊಳ್ಳುವವರು ದುಡ್ಡು ಕೊಡುವುದಿಲ್ಲ.