ಕರ್ನಲ್ ಬೂಟ್ ಆಗುವಾಗ ಕಂಟ್ರೋಲರ್‌ಗಳ ಸರದಿ: ಮೆಕ್ಕೆಜೋಳದ ಗೋದಾಮುಗಳ ನನ್ನ ಅನುಭವ

ದಾವಣಗೆರೆ, ಹರಿಹರ ಮತ್ತು ಜಗಳೂರು ತಾಲ್ಲೂಕುಗಳ ಕೆಲವು ಮೆಕ್ಕೆಜೋಳದ ಗೋದಾಮುಗಳಲ್ಲಿ ಉಷ್ಣಾಂಶ ಮತ್ತು ತೇವಾಂಶ ದಾಖಲಿಸುವ ಪೆಟ್ಟಿಗೆಗಳನ್ನು ಅಳವಡಿಸಿ ನೋಡಿಕೊಳ್ಳುವುದು ನನ್ನ ಕೆಲಸ. ಕಾಳಿನಲ್ಲಿ ಶೇ 14ಕ್ಕಿಂತ ಹೆಚ್ಚು ತೇವ ಉಳಿದರೆ ಚೀಲಗಳ ಅಟ್ಟಿಯ ಒಳಗೇ ಕಾವು ಏರಿ ಬೂಷ್ಟು ಹಿಡಿಯುತ್ತದೆ. ಅದು ಹೊರಗಿನಿಂದ ಗೊತ್ತಾಗುವ ಹೊತ್ತಿಗೆ ಮಾಲು ಕೆಟ್ಟಿರುತ್ತದೆ. ಆದ್ದರಿಂದ ದಾಖಲೆಯಲ್ಲಿ ಒಂದು ರಾತ್ರಿಯ ಲೆಕ್ಕ ತಪ್ಪಿದರೂ ಗೋದಾಮಿನವರಿಗೆ ಅದು ಸಣ್ಣ ವಿಷಯವಲ್ಲ. ಪ್ರತಿ ಪೆಟ್ಟಿಗೆಯಲ್ಲಿ ಲಿನಕ್ಸ್ ಓಡಿಸುವ ಒಂದು ಚಿಕ್ಕ ಕಂಪ್ಯೂಟರ್ (ಆರ್ಮ್ ಬೋರ್ಡ್) ಇದೆ, ಬ್ಯಾಟರಿ ಇಲ್ಲ. ಕರೆಂಟ್ ಹೋಗಿ ಬಂದಾಗಲೆಲ್ಲ ಬೋರ್ಡ್ ಮೊದಲಿನಿಂದ ಬೂಟ್ ಆಗಬೇಕು, ಅದೂ ಸುತ್ತಲಿನ ಮೋಟಾರುಗಳೆಲ್ಲ ಒಟ್ಟಿಗೆ ಶುರುವಾಗಿ ವೋಲ್ಟೇಜ್ ಕುಸಿಯುವ ಗಳಿಗೆಯಲ್ಲೇ. ಕಚೇರಿಯ ಸರ್ವರ್ ಅಪರೂಪಕ್ಕೆ ಬೂಟ್ ಆಗುತ್ತದೆ. ಈ ಪೆಟ್ಟಿಗೆಗಳಿಗೆ ಬೂಟ್ ಆಗುವುದೇ ದಿನನಿತ್ಯದ ಕೆಲಸ.

ಲಿನಕ್ಸ್‌ನ ತಿರುಳಾದ ಕರ್ನಲ್‌ನ 4.19 ಸರಣಿಗೆ ದೀರ್ಘಾವಧಿ ಬೆಂಬಲ 2024ರ ಡಿಸೆಂಬರ್‌ನಲ್ಲಿ ಮುಗಿಯಿತು. ಅದಕ್ಕೂ ಮುಂಚೆಯೇ ನಾನು ಪೆಟ್ಟಿಗೆಗಳನ್ನು ಒಂದೊಂದಾಗಿ 6.1ಕ್ಕೆ ಬದಲಿಸಲು ತೊಡಗಿದ್ದೆ. ಬದಲಿಸಿದ ಪೆಟ್ಟಿಗೆಗಳಲ್ಲಿ ಕೆಲವು, ಕೆಲವೊಮ್ಮೆ ಮಾತ್ರ, ಕರೆಂಟ್ ಬಂದ ಮೇಲೂ ಏಳುತ್ತಿರಲಿಲ್ಲ. ಕರ್ನಲ್‌ನ ಸಂದೇಶಗಳನ್ನು ತೋರಿಸುವ ಸೀರಿಯಲ್ ಕನ್ಸೋಲ್ ಹಚ್ಚಿ ನೋಡಿದರೆ ಕೊನೆಯ ಸಾಲು ಯಾವಾಗಲೂ ‘ವೇಟಿಂಗ್ ಫಾರ್ ರೂಟ್ ಡಿವೈಸ್’, ಅಂದರೆ ಮೂಲ ಫೈಲುಗಳಿರುವ ಸಾಧನಕ್ಕಾಗಿ ಕಾಯುತ್ತಿದ್ದೇನೆ ಎಂದು. ಅದಕ್ಕಿಂತ ಸ್ವಲ್ಪ ಮೇಲೆ, ಎಸ್‌ಡಿ ಕಾರ್ಡನ್ನು ಸಿದ್ಧಗೊಳಿಸುವಾಗ ದೋಷ ಸಂಖ್ಯೆ -110 ಬಂದಿದೆ ಎಂಬ ಒಂದು ಸಾಲು. 110 ಎಂದರೆ ಟೈಮ್‌ಔಟ್. ಕೇಳಿದ ಪ್ರಶ್ನೆಗೆ ಕಾರ್ಡ್ ಉತ್ತರಿಸಲಿಲ್ಲ ಎಂದರ್ಥ. ಅದೇ ಪೆಟ್ಟಿಗೆಯ ಕರೆಂಟ್ ತೆಗೆದು, ಒಂದು ನಿಮಿಷ ಬಿಟ್ಟು ಕೊಟ್ಟರೆ ಏನೂ ಆಗಿಲ್ಲವೆಂಬಂತೆ ಬೂಟ್ ಆಗುತ್ತಿತ್ತು.

ಇಂಥ ಕಡೆ ಎಲ್ಲರೂ ಮೊದಲು ಕೈ ಹಾಕುವುದು ಕರ್ನಲ್ ಕಮಾಂಡ್ ಲೈನಿನ (ಬೂಟ್ ಆಗುವಾಗ ಕರ್ನಲ್‌ಗೆ ಕೊಡುವ ಆಯ್ಕೆಗಳ ಸಾಲಿನ) ರೂಟ್‌ಡಿಲೇಗೆ. ಬೋರ್ಡಿನ ಜೊತೆ ಬಂದ ಮೂಲ ಸಾಫ್ಟ್‌ವೇರಿನಲ್ಲೂ ಅದನ್ನು 10 ಸೆಕೆಂಡಿಗೆ ಇಟ್ಟಿದ್ದರು. ನಮ್ಮ ತೊಂದರೆಗೆ ಅದರಿಂದ ಪ್ರಯೋಜನವಿರಲಿಲ್ಲ, ಮತ್ತು ಯಾಕಿಲ್ಲ ಎಂಬುದು ತಿಳಿಯಬೇಕಾದ ಸಂಗತಿ. ರೂಟ್‌ಡಿಲೇ ಎಂಬುದು ಡ್ರೈವರ್‌ಗಳ (ಒಂದೊಂದು ಸಾಧನವನ್ನು ನಡೆಸುವ ಕರ್ನಲ್ ಭಾಗಗಳ) ಸರದಿ ನಡೆದ ಮೇಲೆ, ರೂಟ್ ಫೈಲ್ ಸಿಸ್ಟಮ್ ಮೌಂಟ್ ಮಾಡುವ (ಬಳಕೆಗೆ ಜೋಡಿಸುವ) ಮುನ್ನ ಸುಮ್ಮನೆ ಕಾಯುವ ಅವಧಿ. ಕಾರ್ಡ್ ತಡವಾಗಿ ಕಾಣಿಸಿಕೊಳ್ಳುವಂತಿದ್ದರೆ ಅದು ಉಪಯೋಗಕ್ಕೆ ಬರುತ್ತದೆ. ನಮ್ಮ ಬೋರ್ಡಿನ ಡಿವೈಸ್ ಟ್ರೀಯಲ್ಲಿ (ಬೋರ್ಡಿನ ಭಾಗಗಳನ್ನು ಕರ್ನಲ್‌ಗೆ ವಿವರಿಸುವ ಕಡತದಲ್ಲಿ) ಕಾರ್ಡ್ ಸ್ಲಾಟನ್ನು ‘ನಾನ್-ರಿಮೂವಬಲ್’ (ಕಾರ್ಡ್ ತೆಗೆಯುವಂತಿಲ್ಲ) ಎಂದು ಬರೆದಿದ್ದರು. ಮುಚ್ಚಿದ ಪೆಟ್ಟಿಗೆಯಾದ್ದರಿಂದ ಅದು ಸಹಜವೇ. ಆದರೆ ಹಾಗೆ ಬರೆದ ಸ್ಲಾಟನ್ನು ಕಾರ್ಡುಗಳನ್ನು ನೋಡಿಕೊಳ್ಳುವ ಕರ್ನಲ್‌ನ ಎಂಎಂಸಿ ಪದರವು ಒಂದೇ ಒಂದು ಬಾರಿ ಹುಡುಕುತ್ತದೆ. ಆ ಒಂದು ಬಾರಿ ಕಾರ್ಡ್ ಉತ್ತರಿಸದಿದ್ದರೆ ಹತ್ತು ಸೆಕೆಂಡಲ್ಲ, ಹತ್ತು ದಿನ ಕಾದರೂ ಅದು ಬರುವುದಿಲ್ಲ. ರೂಟ್ ಸಿಗುವವರೆಗೂ ಕಾಯಿಸುವ ರೂಟ್‌ವೇಟ್ ಆಯ್ಕೆ ಇದ್ದುದರಿಂದ ಕರ್ನಲ್ ಪ್ಯಾನಿಕ್ ಆಗಿ (ಕೈಚೆಲ್ಲಿ) ಮರುಬೂಟ್ ಆಗುವ ದಾರಿಯೂ ಮುಚ್ಚಿತ್ತು.

ಹಾಗಾದರೆ ಆ ಒಂದು ಬಾರಿ ಕಾರ್ಡ್ ಯಾಕೆ ಉತ್ತರಿಸುತ್ತಿರಲಿಲ್ಲ? ಇದನ್ನು ತಿಳಿಯಲು ಯಾವ ಡ್ರೈವರ್ ಯಾವಾಗ ಓಡಿತೆಂದು ನೋಡಬೇಕಿತ್ತು. ಅದಕ್ಕಾಗಿ ಇರುವ ಇನಿಟ್‌ಕಾಲ್ ಡೀಬಗ್ ಎಂಬ ಆಯ್ಕೆಯನ್ನು ಕಮಾಂಡ್ ಲೈನಿಗೆ ಸೇರಿಸಿದರೆ, ಪ್ರತಿ ಇನಿಟ್‌ಕಾಲ್ (ಡ್ರೈವರ್ ಮುಂತಾದವನ್ನು ಶುರು ಮಾಡುವ ಕರೆ) ಶುರುವಾದದ್ದನ್ನೂ ಎಷ್ಟು ಮೈಕ್ರೋಸೆಕೆಂಡಿನಲ್ಲಿ ಮುಗಿಯಿತೆಂಬುದನ್ನೂ ಕರ್ನಲ್ ಮುದ್ರಿಸುತ್ತದೆ. ಸೇರಿಸಿದೆ, ತೊಂದರೆಯೇ ಮಾಯವಾಯಿತು. ಎಷ್ಟು ಸಲ ಕರೆಂಟ್ ತೆಗೆದು ಕೊಟ್ಟರೂ ಪೆಟ್ಟಿಗೆ ಸರಿಯಾಗಿ ಬೂಟ್ ಆಗತೊಡಗಿತು. ಆಯ್ಕೆಯನ್ನು ತೆಗೆದರೆ ತೊಂದರೆ ಮತ್ತೆ ಹಾಜರ್.

ನನ್ನ ಮಟ್ಟಿಗೆ ಈ ಮಾಯವಾಗುವಿಕೆಯೇ ಎಲ್ಲಕ್ಕಿಂತ ದೊಡ್ಡ ಸುಳಿವು. ನಮ್ಮ ಸೀರಿಯಲ್ ಕನ್ಸೋಲ್ 115200 ಬಾಡ್ ವೇಗದ್ದು. ಒಂದು ಅಕ್ಷರಕ್ಕೆ ಸ್ಟಾರ್ಟ್ ಮತ್ತು ಸ್ಟಾಪ್ ಬಿಟ್‌ಗಳೂ ಸೇರಿ 10 ಬಿಟ್ ಬೇಕು. ಅಂದರೆ ಸೆಕೆಂಡಿಗೆ 11,520 ಅಕ್ಷರ, ಒಂದಕ್ಕೆ ಸುಮಾರು 87 ಮೈಕ್ರೋಸೆಕೆಂಡ್. 80 ಅಕ್ಷರಗಳ ಒಂದು ಸಾಲು ಹೊರಹೋಗಲು ಹತ್ತಿರ ಹತ್ತಿರ 7 ಮಿಲಿಸೆಕೆಂಡ್ ಬೇಕು, ಮತ್ತು ಅಷ್ಟು ಹೊತ್ತು ಬೂಟ್ ಕೆಲಸ ಅಲ್ಲೇ ನಿಂತಿರುತ್ತದೆ. ಎರಡು ಡ್ರೈವರ್‌ಗಳ ನಡುವೆ ಹತ್ತು ಸಾಲು ಮುದ್ರಿಸಿದರೆ 70 ಮಿಲಿಸೆಕೆಂಡ್ ಅಂತರ ತಾನಾಗಿಯೇ ಬಂದುಬಿಡುತ್ತದೆ. ಹಾಗಾದರೆ ನಮ್ಮ ದೋಷ ಕೆಲವೇ ಮಿಲಿಸೆಕೆಂಡುಗಳ ಅಂತರಕ್ಕೆ ಸಂಬಂಧಿಸಿದ್ದು.

ಕನ್ಸೋಲಿಗೆ ಮುದ್ರಿಸದೆಯೂ ದಾಖಲೆ ಬೇಕಿತ್ತು. ಕರ್ನಲ್ ತನ್ನ ಸಂದೇಶಗಳನ್ನೆಲ್ಲ ಮೆಮೊರಿಯಲ್ಲಿಯೂ ಇಟ್ಟುಕೊಳ್ಳುತ್ತದೆ. ಕನ್ಸೋಲಿನ ಮಟ್ಟವನ್ನು ತಗ್ಗಿಸಿ, ಲಾಗ್ ಬಫರನ್ನು ಹಿಗ್ಗಿಸಿ, ಬ್ಯುಸಿಬಾಕ್ಸ್ ಎಂಬ ಚಿಕ್ಕ ಉಪಕರಣಗಳ ಗುಚ್ಛ ಮಾತ್ರ ಇರುವ ಒಂದು ಪುಟ್ಟ ಇನಿಟ್‌ರಾಮ್‌ಎಫ್‌ಎಸ್ (ಮೆಮೊರಿಯಲ್ಲೇ ತೆರೆಯುವ ಫೈಲ್ ಸಿಸ್ಟಮ್) ಅನ್ನು ಕರ್ನಲ್ ಇಮೇಜಿನೊಳಗೇ ಸೇರಿಸಿದೆ. ಕಾರ್ಡ್ ಸಿಗದಿದ್ದರೆ ಅದು ಆಜ್ಞೆ ಟೈಪ್ ಮಾಡಲು ಶೆಲ್ ಕೊಡುತ್ತದೆ, ಅಲ್ಲಿ ಡಿಮೆಸೇಜ್ (ಮೆಮೊರಿಯಲ್ಲಿಟ್ಟ ಆ ಸಂದೇಶಗಳು) ಓದಬಹುದು. ಈ ಕೆಲಸ ಮಾಡುವವರಿಗೆಲ್ಲ ನಾನು ಹೇಳುವುದು ಇದನ್ನೇ: ಸಮಯಕ್ಕೆ ಸಂಬಂಧಿಸಿದ ದೋಷವನ್ನು ಸೀರಿಯಲ್ ಕನ್ಸೋಲಿನ ಮುದ್ರಣದಿಂದ ಅಳೆಯಬಾರದು. ಅಳತೆಯೇ ಸಮಯವನ್ನು ಬದಲಿಸುತ್ತದೆ.

ಆ ದಾಖಲೆಯಲ್ಲಿ ಕಂಡದ್ದನ್ನು ವಿವರಿಸಲು ಬೂಟ್‌ನ ಸರದಿಯ ಬಗ್ಗೆ ಒಂದೆರಡು ಮಾತು ಬೇಕು. ಕರ್ನಲ್‌ನೊಳಗೇ ಸೇರಿರುವ ಡ್ರೈವರ್‌ಗಳು ಇನಿಟ್‌ಕಾಲ್ ಹಂತಗಳ ಪ್ರಕಾರ ಶುರುವಾಗುತ್ತವೆ. ಕೋರ್, ಪೋಸ್ಟ್‌ಕೋರ್, ಆರ್ಚ್ ಆದ ಮೇಲೆ 4ನೆಯದು ಸಬ್‌ಸಿಸ್, 6ನೆಯದು ಡಿವೈಸ್, 7ನೆಯದು ಲೇಟ್. ಸಾಮಾನ್ಯ ಡ್ರೈವರ್‌ಗಳೆಲ್ಲ 6ನೆಯ ಹಂತದವು. ಒಂದೇ ಹಂತದೊಳಗೆ ಯಾರು ಮೊದಲು ಎಂಬುದನ್ನು ನಿರ್ಧರಿಸುವುದು ಮೇಕ್‌ಫೈಲಿನಿಂದ ಬರುವ ಲಿಂಕ್ ಕ್ರಮ, ಅಂದರೆ ಕರ್ನಲ್ ಕಟ್ಟುವಾಗ ಅದರ ಭಾಗಗಳನ್ನು ಜೋಡಿಸಿದ ಕ್ರಮ. ಈ ಕ್ರಮದಿಂದಲೇ ಎಲ್ಲ ಅವಲಂಬನೆಗಳನ್ನೂ ನಿಭಾಯಿಸಲಾಗದು ಎಂಬ ಕಾರಣಕ್ಕೆ 2012ರ 3.4 ಕರ್ನಲ್‌ನಲ್ಲಿ ಮುಂದೂಡಿಕೆಯ ವ್ಯವಸ್ಥೆ ಬಂತು. ತನಗೆ ಬೇಕಾದ ಸಂಪನ್ಮೂಲ ಇನ್ನೂ ಸಿದ್ಧವಿಲ್ಲದಿದ್ದರೆ ಡ್ರೈವರ್ ‘ಪ್ರೋಬ್ ಡಿಫರ್’ ಎಂದು ಹಿಂತಿರುಗುತ್ತದೆ. ಕರ್ನಲ್ ಆ ಸಾಧನವನ್ನು ಒಂದು ಪಟ್ಟಿಗೆ ಸೇರಿಸಿ, ಲೇಟ್ ಹಂತ ತಲುಪಿದ ಮೇಲೆ ಮತ್ತೆ ಪ್ರಯತ್ನಿಸುತ್ತದೆ.

ನಮ್ಮ ಬೋರ್ಡಿನಲ್ಲಿ ಎಸ್‌ಡಿ ಕಾರ್ಡಿಗೆ 3.3 ವೋಲ್ಟ್ ಕೊಡುವುದು ಒಂದು ರೆಗ್ಯುಲೇಟರ್ ಸ್ವಿಚ್. ಅದನ್ನು ಆನ್ ಮಾಡುವ ಜಿಪಿಐಒ (ಆನ್-ಆಫ್ ಸಂಕೇತದ ಕಾಲು) ಪ್ರೊಸೆಸರಿನದ್ದಲ್ಲ, ಐ2ಸಿ ಬಸ್ಸಿನ (ಚಿಪ್‌ಗಳನ್ನು ಜೋಡಿಸುವ ತಂತಿಗಳ) ಮೇಲಿರುವ, ಹೆಚ್ಚುವರಿ ಕಾಲುಗಳನ್ನು ಕೊಡುವ ಒಂದು ಎಕ್ಸ್‌ಪ್ಯಾಂಡರ್ ಚಿಪ್ಪಿನದು. ಅಂದರೆ ಎಂಎಂಸಿ ಕಂಟ್ರೋಲರಿಗೆ ರೆಗ್ಯುಲೇಟರ್ ಬೇಕು, ರೆಗ್ಯುಲೇಟರಿಗೆ ಎಕ್ಸ್‌ಪ್ಯಾಂಡರ್ ಬೇಕು, ಎಕ್ಸ್‌ಪ್ಯಾಂಡರಿಗೆ ಐ2ಸಿ ಕಂಟ್ರೋಲರ್ ಬೇಕು. ಫಿಕ್ಸೆಡ್ ರೆಗ್ಯುಲೇಟರ್, ಎಕ್ಸ್‌ಪ್ಯಾಂಡರ್ ಮತ್ತು ನಮ್ಮ ಐ2ಸಿ ಕಂಟ್ರೋಲರ್ ಮೂರರ ಡ್ರೈವರ್‌ಗಳೂ ಸಬ್‌ಸಿಸ್ ಹಂತದವೇ. ಲಿಂಕ್ ಕ್ರಮದಲ್ಲಿ ರೆಗ್ಯುಲೇಟರ್ ಐ2ಸಿಗಿಂತ ಮುಂಚೆ ಬರುವುದರಿಂದ ಅದು ಮೊದಲ ಯತ್ನದಲ್ಲಿ ಜಿಪಿಐಒ ಸಿಗದೆ ಪಟ್ಟಿಗೆ ಸೇರುತ್ತದೆ. 6ನೆಯ ಹಂತದಲ್ಲಿ ಎಂಎಂಸಿ ಬಂದು, ರೆಗ್ಯುಲೇಟರ್ ಸಿಗದೆ, ಅದರ ಹಿಂದೆ ನಿಲ್ಲುತ್ತದೆ. ಲೇಟ್ ಹಂತದಲ್ಲಿ ಎರಡೂ ಒಂದರ ಬೆನ್ನಿಗೆ ಒಂದು ಓಡುತ್ತವೆ.

ಇಲ್ಲಿಯೇ ಗಂಟು ಇದ್ದದ್ದು. ಬೋರ್ಡಿಗೆ ಕರೆಂಟ್ ಬಂದಾಗ ಎಕ್ಸ್‌ಪ್ಯಾಂಡರಿನ ಕಾಲುಗಳೆಲ್ಲ ಇನ್‌ಪುಟ್ ಆಗಿರುತ್ತವೆ. ಒಂದು ಪುಲ್-ಅಪ್ ರೆಸಿಸ್ಟರ್ ಸ್ವಿಚ್ಚನ್ನು ಆನ್ ಇಡುತ್ತದೆ, ಇಲ್ಲದಿದ್ದರೆ ಕರ್ನಲ್ ಅನ್ನು ಎಬ್ಬಿಸುವ ಬೂಟ್‌ಲೋಡರೇ ಕಾರ್ಡಿನಿಂದ ಓದಲಾಗದು. ಕರ್ನಲ್‌ಗೆ ಈ ವಿಷಯ ಗೊತ್ತಿಲ್ಲ. ರೆಗ್ಯುಲೇಟರ್ ಬೂಟ್‌ಲೋಡರ್ ಕಾಲದಿಂದಲೇ ಆನ್ ಇದೆ ಎಂದು ಡಿವೈಸ್ ಟ್ರೀಯಲ್ಲಿ ಹೇಳದಿದ್ದರೆ, ಫಿಕ್ಸೆಡ್ ರೆಗ್ಯುಲೇಟರ್ ಡ್ರೈವರ್ ಆ ಜಿಪಿಐಒವನ್ನು ವಹಿಸಿಕೊಳ್ಳುವಾಗ ಆಫ್ ಸ್ಥಿತಿಯಲ್ಲೇ ವಹಿಸಿಕೊಳ್ಳುತ್ತದೆ. ಅಂದರೆ ಕಾರ್ಡಿನ ವಿದ್ಯುತ್ ಆ ಕ್ಷಣ ಕಡಿತವಾಗುತ್ತದೆ. ಬೆನ್ನಿಗೇ ಎಂಎಂಸಿ ಡ್ರೈವರ್ ಬಂದು ಅದನ್ನು ಮತ್ತೆ ಆನ್ ಮಾಡಿಸುತ್ತದೆ. ಎಸ್‌ಡಿ ಮಾನದಂಡದ ಪ್ರಕಾರ ಕಾರ್ಡ್ ಸರಿಯಾಗಿ ಮರುಹೊಂದಿಕೆಯಾಗಬೇಕಾದರೆ ಅದರ ವೋಲ್ಟೇಜ್ 0.5ಕ್ಕಿಂತ ಕೆಳಗಿಳಿದು ಕನಿಷ್ಠ 1 ಮಿಲಿಸೆಕೆಂಡ್ ಅಲ್ಲೇ ಇರಬೇಕು. ಆಸಿಲೋಸ್ಕೋಪ್ ಹಚ್ಚಿ ನೋಡಿದಾಗ, ಕಾರ್ಡಿನ ಪಕ್ಕದ ಕೆಪಾಸಿಟರಿನಲ್ಲಿ ಉಳಿದ ಚಾರ್ಜಿನಿಂದಾಗಿ, ಆ ರೇಖೆ 3.3ರಿಂದ ಅರ್ಧದಷ್ಟೂ ಇಳಿಯುವ ಮುನ್ನವೇ ಮತ್ತೆ ಏರುತ್ತಿರುವುದು ಕಂಡಿತು. ಕಾರ್ಡ್ ಪೂರ್ತಿ ಆರಿರಲಿಲ್ಲ, ಪೂರ್ತಿ ಎಚ್ಚರವಾಗಿಯೂ ಇರಲಿಲ್ಲ. ಅದಕ್ಕೇ ನಿರುತ್ತರ, ಅದಕ್ಕೇ -110.

4.19ರಲ್ಲಿ ಇದು ಯಾಕೆ ಕಾಣಿಸಲಿಲ್ಲ ಎಂಬುದೂ ಅದೇ ದಾಖಲೆಗಳಿಂದ ತಿಳಿಯಿತು. ಹಳೆಯ ಕರ್ನಲ್‌ನಲ್ಲಿ ಮುಂದೂಡಿದ ಪಟ್ಟಿಯಲ್ಲಿ ಈ ಎರಡರ ನಡುವೆ ಬೇರೆ ಸಾಧನಗಳು ನಿಂತಿದ್ದವು. ಅವು ಸಿದ್ಧವಾಗುವಷ್ಟರಲ್ಲಿ ಕೆಪಾಸಿಟರ್ ಖಾಲಿಯಾಗುತ್ತಿತ್ತು. 6.1ರಲ್ಲಿ ಪಟ್ಟಿಯ ಕ್ರಮ ಬದಲಾಗಿ ನಡುವೆ ಯಾರೂ ಇರಲಿಲ್ಲ. ಹಳೆಯ ಕರ್ನಲ್ ಸರಿಯಾಗಿರಲಿಲ್ಲ, ಅದರ ನಿಧಾನ ನಮ್ಮನ್ನು ಕಾಪಾಡಿತ್ತು ಅಷ್ಟೇ.

ಪರಿಹಾರ ಬರೆದದ್ದು ಡಿವೈಸ್ ಟ್ರೀಯಲ್ಲಿ, ಕರ್ನಲ್‌ನ ಸಿ ಕೋಡಿನಲ್ಲಿ ಒಂದಕ್ಷರವನ್ನೂ ಮುಟ್ಟಲಿಲ್ಲ. ರೆಗ್ಯುಲೇಟರಿನ ನೋಡ್‌ಗೆ ‘ರೆಗ್ಯುಲೇಟರ್-ಬೂಟ್-ಆನ್’ ಸೇರಿಸಿದೆ; ಇದರಿಂದ ಡ್ರೈವರ್ ಜಿಪಿಐಒವನ್ನು ಆನ್ ಸ್ಥಿತಿಯಲ್ಲೇ ವಹಿಸಿಕೊಳ್ಳುತ್ತದೆ. ಮುಂದೆ ಯಾವುದೋ ಕಾರಣಕ್ಕೆ ಆಫ್ ಮಾಡಿ ಆನ್ ಮಾಡಬೇಕಾದರೆ ನಡುವೆ ಸಾಕಷ್ಟು ಸಮಯ ಇರಲೆಂದು ‘ಆಫ್-ಆನ್-ಡಿಲೇ’ಯನ್ನೂ, ಆನ್ ಆದ ಮೇಲೆ ವೋಲ್ಟೇಜ್ ಸ್ಥಿರವಾಗಲು ‘ಸ್ಟಾರ್ಟಪ್-ಡಿಲೇ’ಯನ್ನೂ ಸ್ಕೋಪಿನಲ್ಲಿ ಅಳೆದ ಬೆಲೆಗಿಂತ ತುಸು ಹೆಚ್ಚಾಗಿ ಕೊಟ್ಟೆ. ಇವೂ ವಿಳಂಬಗಳೇ, ನಿಜ. ಆದರೆ ಇವು ಯಾವ ಭಾಗಕ್ಕೆ, ಯಾವ ಕಾರಣಕ್ಕೆ, ಎಷ್ಟು ಎಂಬುದನ್ನು ಆ ಭಾಗದ ವಿವರಣೆಯಲ್ಲಿಯೇ ಹೇಳುತ್ತವೆ. ರೂಟ್‌ಡಿಲೇಯಂತೆ ಇಡೀ ಬೂಟನ್ನು ಕಾರಣ ತಿಳಿಸದೆ ನಿಲ್ಲಿಸುವುದಿಲ್ಲ. ರೂಟ್‌ಡಿಲೇಯನ್ನು ತೆಗೆದೇಬಿಟ್ಟೆ. ‘ನಾನ್-ರಿಮೂವಬಲ್’ ಬದಲು ‘ಬ್ರೋಕನ್-ಸಿಡಿ’ (ಕಾರ್ಡ್ ಇದೆಯೆಂದು ತಿಳಿಸುವ ಸಂಕೇತವಿಲ್ಲ) ಎಂದು ಬರೆದೆ. ಹಾಗೆ ಬರೆದರೆ ಕರ್ನಲ್ ಸೆಕೆಂಡಿಗೊಮ್ಮೆ ಸ್ಲಾಟನ್ನು ಪರೀಕ್ಷಿಸುತ್ತದೆ, ಮೊದಲ ಯತ್ನ ವಿಫಲವಾದರೂ ಎರಡನೆಯದಕ್ಕೆ ಅವಕಾಶವಿರುತ್ತದೆ.

ಇದೇ ಜಾಡಿನಲ್ಲಿ ಸಾಧನದ ಹೆಸರಿನ ಪ್ರಶ್ನೆಯೂ ಬಂತು. ಬೋರ್ಡಿನಲ್ಲಿ ಎಸ್‌ಡಿ ಕಾರ್ಡಲ್ಲದೆ ಇಎಂಎಂಸಿಯೂ (ಬೋರ್ಡಿಗೇ ಬೆಸೆದ ಸಂಗ್ರಹ ಚಿಪ್) ಇದೆ. 2020ರ ಕೊನೆಯಲ್ಲಿ ಬಂದ 5.10ರಿಂದ ಎಂಎಂಸಿ ಹೋಸ್ಟ್ ಡ್ರೈವರ್‌ಗಳು ಏಕಕಾಲದಲ್ಲಿ, ಒಂದಕ್ಕೊಂದು ಕಾಯದೆ ಪ್ರೋಬ್ ಆಗುತ್ತವೆ. ಸಾಧನದ ಹೆಸರಿನಲ್ಲಿರುವ ಸಂಖ್ಯೆ ಸಿಗುವುದು ಹೋಸ್ಟ್ ನೋಂದಣಿಯ ಹೊತ್ತಿನಲ್ಲಿ. ಹಾಗಾಗಿ ಮುಂದೂಡಿಕೆಯಾದ ಎಸ್‌ಡಿ ಕಂಟ್ರೋಲರಿಗಿಂತ ಮುಂಚೆ ಇಎಂಎಂಸಿ ಸೊನ್ನೆಯನ್ನು ಪಡೆದುಬಿಡಬಹುದು. ಅದೇ 5.10ರಲ್ಲಿ ಡಿವೈಸ್ ಟ್ರೀಯ ಅಲಿಯಾಸ್ ಮೂಲಕ ಸಂಖ್ಯೆಯನ್ನು ನಿಗದಿಪಡಿಸುವ ಸೌಲಭ್ಯವೂ ಬಂದಿದೆ. ನಾನು ಅಲಿಯಾಸ್ ಬರೆದು, ಕಮಾಂಡ್ ಲೈನಿನಲ್ಲಿ ರೂಟ್ ವಿಭಾಗವನ್ನು ಹೆಸರಿನಿಂದಲ್ಲದೆ ಪಾರ್ಟ್‌ಯುಯುಐಡಿಯಿಂದ (ವಿಭಾಗದ ಸ್ವಂತ ಗುರುತಿನಿಂದ) ಸೂಚಿಸಿದೆ. ಎಕ್ಸ್‌ಪ್ಯಾಂಡರಿನ ಡ್ರೈವರ್ ಮಾಡ್ಯೂಲ್ (ಕರ್ನಲ್‌ನ ಹೊರಗಿನ ಪ್ರತ್ಯೇಕ ಕಡತ) ಆಗಿ ಕಾರ್ಡಿನೊಳಗೇ ಕುಳಿತಿದ್ದರೆ ಕಾರ್ಡ್ ಎಂದೂ ಸಿಗದು. ಆದ್ದರಿಂದ ಆ ಸರಪಳಿಯ ಎಲ್ಲ ಡ್ರೈವರ್‌ಗಳೂ ಕರ್ನಲ್‌ನೊಳಗೇ ಇರುವುದನ್ನು ಖಚಿತಪಡಿಸಿಕೊಂಡೆ. ಗಡಿಯಾರದ ಚಿಪ್ಪಾದ ಆರ್‌ಟಿಸಿಯ ಡ್ರೈವರನ್ನೂ ಒಳಗೇ ಸೇರಿಸಿದೆ, ಇಲ್ಲದಿದ್ದರೆ ಮೊದಲ ಕೆಲವು ದಾಖಲೆಗಳ ಮೇಲೆ 1970ರ ತಾರೀಖು ಬೀಳುವ ಸಂಭವವಿದೆ.

ವ್ಯವಸ್ಥೆ ಸಿಕ್ಕಿಹಾಕಿಕೊಂಡರೆ ಬೋರ್ಡನ್ನು ರೀಸೆಟ್ ಮಾಡುವ ವಾಚ್‌ಡಾಗ್ ಟೈಮರ್ ಇದ್ದೂ ಪೆಟ್ಟಿಗೆ ಯಾಕೆ ಮರುಬೂಟ್ ಆಗಲಿಲ್ಲವೆಂದು ಗೋದಾಮಿನ ವ್ಯವಸ್ಥಾಪಕರೊಬ್ಬರು ಕೇಳಿದ್ದು ನ್ಯಾಯವಾದ ಪ್ರಶ್ನೆಯಾಗಿತ್ತು. ಬೂಟ್‌ಲೋಡರ್ ಶುರು ಮಾಡಿಟ್ಟ ವಾಚ್‌ಡಾಗನ್ನು, ಯೂಸರ್‌ಸ್ಪೇಸ್ (ಕರ್ನಲ್‌ನ ಹೊರಗೆ ಓಡುವ ಪ್ರೋಗ್ರಾಂಗಳು) ಅದನ್ನು ತೆರೆಯುವವರೆಗೆ ಕರ್ನಲ್ ತಾನೇ ಸುಮ್ಮನಿರಿಸುತ್ತದೆ. ರೂಟ್ ಸಿಗದಿದ್ದರೆ ಯೂಸರ್‌ಸ್ಪೇಸ್ ಬರುವುದೇ ಇಲ್ಲ, ಕರ್ನಲ್ ಸುಮ್ಮನಿರಿಸುತ್ತಲೇ ಇರುತ್ತದೆ. ವಾಚ್‌ಡಾಗ್ ಓಪನ್ ಟೈಮ್‌ಔಟ್ ಎಂಬ ಆಯ್ಕೆಯನ್ನು 120 ಸೆಕೆಂಡಿಗೆ ಇಟ್ಟ ಮೇಲೆ, ಅಷ್ಟರೊಳಗೆ ಯಾರೂ ತೆರೆಯದಿದ್ದರೆ ಬೋರ್ಡ್ ರೀಸೆಟ್ ಆಗುತ್ತದೆ. ದೂರದ ಪೆಟ್ಟಿಗೆಗಳಿಗೆ ಇದು ಕಡ್ಡಾಯವೆಂದೇ ನನ್ನ ಅಭಿಪ್ರಾಯ.

ಪರೀಕ್ಷೆಗಾಗಿ ಒಂದು ರಿಲೇ ಮತ್ತು ಮೈಕ್ರೋಕಂಟ್ರೋಲರ್ ಜೋಡಿಸಿ, ಅರ್ಧ ಸೆಕೆಂಡಿನಿಂದ ಕೆಲವು ನಿಮಿಷಗಳವರೆಗೆ ಬೇರೆಬೇರೆ ಅವಧಿಗೆ ಕರೆಂಟ್ ಕಡಿದು ಕೊಡುವ ಸಾಧನ ಮಾಡಿಕೊಂಡೆ. ಕಡಿತದ ಅವಧಿ ಬದಲಾಗುತ್ತಿರುವುದು ಮುಖ್ಯ. ಉಳಿಕೆ ಚಾರ್ಜಿನ ದೋಷಗಳು ಒಂದೇ ಅವಧಿಯ ಕಡಿತದಲ್ಲಿ ಸಿಕ್ಕಿಬೀಳುವುದಿಲ್ಲ. ರಾತ್ರಿಯಿಡೀ ಓಡಿಸಿದಾಗ ಕಾರ್ಡಿನ ದೋಷ ಮರುಕಳಿಸಲಿಲ್ಲ. ಆದರೆ ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು: ಬೂಟ್ ಆಗಿ ಸುಮಾರು ಅರ್ಧ ನಿಮಿಷದ ಬಳಿಕ ಆರ್‌ಎಸ್-485 ತಂತಿಯ ಮೂಲಕ ಜೋಡಿಸಿದ ಸೆನ್ಸರ್‌ಗಳು ಮೌನವಾಗುತ್ತಿದ್ದವು. ಯಾವ ಡ್ರೈವರೂ ತನ್ನದೆಂದು ಹೇಳಿಕೊಳ್ಳದ ರೆಗ್ಯುಲೇಟರ್‌ಗಳನ್ನು ಕರ್ನಲ್ ಬೂಟ್ ಮುಗಿದ 30 ಸೆಕೆಂಡಿಗೆ ಆಫ್ ಮಾಡುತ್ತದೆ. 485 ಟ್ರಾನ್ಸೀವರಿನ ವಿದ್ಯುತ್ತಿಗೆ ಡಿವೈಸ್ ಟ್ರೀಯಲ್ಲಿ ವಾರಸುದಾರರೇ ಇರಲಿಲ್ಲ. ಅದಕ್ಕೆ ‘ಆಲ್ವೇಸ್-ಆನ್’ ಬರೆದ ಮೇಲೆ ಆ ತೊಂದರೆಯೂ ನಿಂತಿತು.

4ಜಿ ಮೋಡೆಮ್ ಯುಎಸ್‌ಬಿ ಹಬ್‌ನ ಹಿಂದಿದೆ. ಪೋರ್ಟ್ ಸ್ಥಿರವಾಗಿದೆ ಎಂದು ಹಬ್ ಡ್ರೈವರ್ ಒಪ್ಪಲು 100 ಮಿಲಿಸೆಕೆಂಡ್ ಬೇಕು, ಮೋಡೆಮಿನ ಸ್ವಂತ ಫರ್ಮ್‌ವೇರ್ ಏಳಲು ಅದಕ್ಕಿಂತ ಎಷ್ಟೋ ಹೆಚ್ಚು. ಅದಕ್ಕಾಗಿ ಬೂಟನ್ನು ಕಾಯಿಸುವ ಗೊಡವೆಗೆ ನಾನು ಹೋಗಿಲ್ಲ. ದಾಖಲೆ ಮೊದಲು ಕಾರ್ಡಿಗೆ ಬೀಳುತ್ತದೆ. ಮೋಡೆಮ್ ಬಂದಾಗ ಕಳುಹಿಸುವ ಸೇವೆಯನ್ನು, ಹೊಸ ಸಾಧನಗಳನ್ನು ಗಮನಿಸುವ ಯುಡೆವ್ ಶುರು ಮಾಡುತ್ತದೆ, ಬಾಕಿ ಇರುವುದೆಲ್ಲ ಆಗ ಹೋಗುತ್ತದೆ.