ಬೆಲ್ಟ್ ಕಿರುಚುತ್ತಿದ್ದರೆ ಮೊದಲು ಟೆನ್ಷನರ್ ನೋಡಿ

ಜೂನ್ ಮಳೆ ಹಿಡಿಯಿತೆಂದರೆ ಮಡಿಕೇರಿ, ಭಾಗಮಂಡಲದ ಕಡೆ ಬೆಳಿಗ್ಗೆ ಸ್ಟಾರ್ಟ್ ಮಾಡಿದ ಹಳೇ ಕಾರುಗಳ ಬಾನೆಟ್ ಒಳಗಿಂದ 'ಕೀಂಯ್' ಸದ್ದು ಶುರು. ಬೆಲ್ಟ್ ಹೋಯಿತೆಂದು ಹೊಸದು ಹಾಕಿಸುತ್ತಾರೆ, ಕೆಲವೇ ವಾರಕ್ಕೆ ಮತ್ತೆ ಅದೇ ರಾಗ. ಎಷ್ಟೋ ಸಲ ಸವೆದಿರುವುದು ಬೆಲ್ಟಲ್ಲ, ಅದನ್ನು ಬಿಗಿಹಿಡಿಯುವ ಸ್ಪ್ರಿಂಗ್ ಟೆನ್ಷನರ್. ಎಸ್ಟೇಟ್ ರಸ್ತೆಯ ಕೆಸರುನೀರು ಅದರ ತೋಳಿನ ಬುಶ್‌ಗೂ ಪುಲ್ಲಿಯ ಬೇರಿಂಗ್‌ಗೂ ನುಗ್ಗಿ ತುಕ್ಕು ಹಿಡಿಸುತ್ತದೆ.

ಒಂದೇ ಉದ್ದನೆ ಬೆಲ್ಟ್ ಆಲ್ಟರ್ನೇಟರ್, ಎಸಿ, ಪವರ್ ಸ್ಟೀರಿಂಗ್ ಪಂಪ್ ಎಲ್ಲವನ್ನೂ ತಿರುಗಿಸುವ ಕಾರುಗಳಿಗೆ ಈ ಮಾತು. ಕವರ್ ಒಳಗಿನ ಟೈಮಿಂಗ್ ಬೆಲ್ಟ್ ಬೇರೆ, ಅದಕ್ಕೆ ಕೈಹಾಕಬೇಡಿ. ಸಂಪಾಜೆ ಘಾಟಿಯ ತಿರುವಿನಲ್ಲಿ ಈ ಬೆಲ್ಟ್ ಕಳಚಿದರೆ ಸ್ಟೀರಿಂಗ್ ಕಲ್ಲಿನಂತಾಗುತ್ತದೆ, ಬ್ಯಾಟರಿ ದೀಪ ಹತ್ತುತ್ತದೆ. ವಾಟರ್ ಪಂಪ್ ಕೂಡ ಇದೇ ಬೆಲ್ಟಿನಲ್ಲಿದ್ದರೆ ಎಂಜಿನ್ ಕುದಿಯುವುದಕ್ಕೆ ಹೆಚ್ಚು ಹೊತ್ತು ಬೇಡ.

ಪರೀಕ್ಷೆ ಸುಲಭ. ಎಂಜಿನ್ ಐಡಲ್‌ನಲ್ಲಿರುವಾಗ ಶಾಲು, ಜರ್ಕಿನ್ ದಾರ ದೂರವಿಟ್ಟುಕೊಂಡು, ಬೆಲ್ಟಿನ ಗೀರುಗಳಿರುವ ಬದಿಗೆ ಸ್ವಲ್ಪ ನೀರು ಚಿಮುಕಿಸಿ. ಸದ್ದು ಜೋರಾದರೆ ಬಿಗಿ ಸಾಲದು. ಅಡಗಿ, ಒಣಗಿದ ಮೇಲೆ ಮರಳಿ ಬಂದರೆ ಯಾವುದೋ ಪುಲ್ಲಿ ಓರೆಯಾಗಿದೆ. ಟೆನ್ಷನರ್ ತೋಳು ಎಡೆಬಿಡದೆ ಕುಣಿಯುತ್ತಿದ್ದರೆ, ಬುಶ್ ಸುತ್ತ ಕೆಂಪು ತುಕ್ಕಿನ ಪುಡಿಯಿದ್ದರೆ, ಬೆಲ್ಟ್ ಪುಲ್ಲಿಯ ಅಂಚಿಗೆ ಸರಿದಿದ್ದರೆ ಟೆನ್ಷನರ್ ಹೋಗಿದೆ ಎನ್ನಲು ಬೇರೆ ಸಾಕ್ಷಿ ಬೇಡ. ಬೆಲ್ಟಿಗೆ ಅಂಟುವ ಸ್ಪ್ರೇ ಹೊಡೆಯಬೇಡಿ, ಧೂಳು ಹಿಡಿದು ಇನ್ನಷ್ಟು ಕೆಡುತ್ತದೆ.

ಕೆಲಸ ತಣ್ಣಗಿನ ಎಂಜಿನ್‌ನಲ್ಲಿ. ಬ್ಯಾಟರಿಯ ನೆಗೆಟಿವ್ ತೆಗೆಯಿರಿ. ಬೆಲ್ಟ್ ಸುತ್ತಿರುವ ದಾರಿಯ ಫೋಟೋ ತೆಗೆದುಕೊಳ್ಳಿ. ಇದನ್ನು ಮರೆತವರು ಆಮೇಲೆ ತಲೆ ಕೆರೆದುಕೊಳ್ಳುತ್ತಾರೆ. ಉದ್ದ ಹಿಡಿಯ ಬಾರ್‌ಗೆ ಸರಿಯಾದ ಸಾಕೆಟ್ ಸಿಕ್ಕಿಸಿ (ಹೆಚ್ಚಾಗಿ 14ರಿಂದ 17 ಎಂಎಂ, ಕೆಲವು ಟೆನ್ಷನರ್‌ಗೆ ಬಾರಿನ ತುದಿಯೇ ಕೂರುವ ಚೌಕ ತೂತಿರುತ್ತದೆ). ಬೆಲ್ಟ್ ಸಡಿಲಾಗುವ ದಿಕ್ಕಿಗೆ ತೋಳನ್ನು ತಿರುಗಿಸಿ, ಕೈಗೆ ಸುಲಭವಾಗಿ ಸಿಗುವ ಪುಲ್ಲಿಯಿಂದ ಬೆಲ್ಟ್ ಜಾರಿಸಿ. ತೋಳನ್ನು ಮೆಲ್ಲಗೆ ಬಿಡಿ, ಫಟ್ಟನೆ ಬಿಟ್ಟರೆ ಬೆರಳು ಜಜ್ಜಿತು. ಕೆಲವು ಪುಲ್ಲಿ ಬೋಲ್ಟ್‌ಗಳಿಗೆ ಎಡಮರೆ (ಬಲಕ್ಕೆ ತಿರುಗಿಸಿದರೆ ಸಡಿಲಾಗುವ ಥ್ರೆಡ್) ಇರುತ್ತದೆ, ಸಡಿಲಾಗದಿದ್ದರೆ ಬಲ ಹಾಕುವ ಮೊದಲು ಅದನ್ನು ನೋಡಿ.

ಬೆಲ್ಟ್ ಕಳಚಿರುವಾಗಲೇ ಉಳಿದೆಲ್ಲ ಪುಲ್ಲಿಗಳನ್ನೂ ಕೈಯಲ್ಲಿ ತಿರುಗಿಸಿ. ಗರಗರ ಅಂದರೆ, ಅಲುಗಾಡಿದರೆ ಅದರ ಬೇರಿಂಗೂ ಮುಗಿದಿದೆ. ಆಯಿಲ್ ಅಥವಾ ಕೂಲಂಟ್ ಸೋರುತ್ತಿದ್ದರೆ ಮೊದಲು ಅದನ್ನು ಸರಿಮಾಡಿ, ಇಲ್ಲದಿದ್ದರೆ ಹೊಸ ಬೆಲ್ಟ್ ಕೂಡ ಉಬ್ಬಿ ಹಾಳಾಗುತ್ತದೆ. ಪುಲ್ಲಿಗಳ ಗೀರಿನ ಕೆಸರನ್ನು ಬ್ರಶ್‌ನಿಂದ ಕೆರೆದು ತೆಗೆಯಿರಿ.

ಹಳೇ ಟೆನ್ಷನರ್ ಬಿಚ್ಚಿದ ಮೇಲೆ ಹೊಸದನ್ನು ಕೂರಿಸಿ. ಹೊಸ ಟೆನ್ಷನರ್‌ನ ಹಿಂಬದಿಯಲ್ಲಿ ಒಂದು ಸಣ್ಣ ಗೂಟವಿದ್ದರೆ ಅದು ಎಂಜಿನ್‌ನ ತೂತಿನಲ್ಲೇ ಕೂರಬೇಕು. ಅದು ಕೂರದೆ ಬೋಲ್ಟ್ ಬಿಗಿದರೆ ಟೆನ್ಷನರ್ ಓರೆಯಾಗಿ ನಿಂತು ಬೆಲ್ಟ್ ಅಂಚು ತಿನ್ನುತ್ತದೆ. ಈ ಕೆಲಸದಲ್ಲಿ ಕೆಡುವುದು ಹೆಚ್ಚಾಗಿ ಇಲ್ಲೇ. ಬೋಲ್ಟನ್ನು ಮೊದಲು ಕೈಯಿಂದಲೇ ಕೆಲವು ಸುತ್ತು ತಿರುಗಿಸಿ, ಅಲ್ಯೂಮಿನಿಯಂ ಮರೆ ಬಲುಬೇಗ ಹೋಗುತ್ತದೆ. ಕೊನೆಯ ಬಿಗಿ ಟಾರ್ಕ್ ರೆಂಚ್‌ನಲ್ಲಿ (ಬಿಗಿಯುವ ಬಲ ಅಳೆಯುವ ಸ್ಪ್ಯಾನರ್), ಆ ಕಾರಿನ ಸರ್ವಿಸ್ ಪುಸ್ತಕದ ಅಂಕಿಯಂತೆ. ಟೆನ್ಷನರ್ ಲಾಕ್ ಪಿನ್‌ನೊಡನೆ ಬಂದಿದ್ದರೆ ಬೆಲ್ಟ್ ಕೂರಿಸುವ ತನಕ ಅದನ್ನು ಎಳೆಯಬೇಡಿ.

ಬೆಲ್ಟ್ ಕೊಳ್ಳುವಾಗ ಹಳೆಯದರ ಮೇಲಿನ ನಂಬರ್ ತೋರಿಸಿ. 6ಪಿಕೆ ಅಂದರೆ ಆರು ಗೀರು, ಅದರ ಮುಂದಿನ ಅಂಕಿ ಮಿಲಿಮೀಟರ್ ಲೆಕ್ಕದ ಉದ್ದ. ಹಾಕಿದ ಮೇಲೆ ಪ್ರತಿ ಪುಲ್ಲಿಯಲ್ಲೂ ಬೆಲ್ಟ್ ಒಂದು ಗೀರು ಪಕ್ಕಕ್ಕೆ ಹೋಗಿಲ್ಲವೇ ಎಂದು ಬೆರಳಾಡಿಸಿ ನೋಡಿ, ಕತ್ತಲ ಮೂಲೆಯ ಕ್ರ್ಯಾಂಕ್ ಪುಲ್ಲಿಯಲ್ಲಿ (ಬೆಲ್ಟನ್ನು ಓಡಿಸುವ ಎಂಜಿನ್‌ನ ಪುಲ್ಲಿ) ಟಾರ್ಚ್ ಬಿಟ್ಟು. ಕ್ರ್ಯಾಂಕ್ ಬೋಲ್ಟ್‌ಗೆ ಸಾಕೆಟ್ ಹಾಕಿ, ಎಂಜಿನ್ ಓಡುವ ದಿಕ್ಕಿಗೇ ಎರಡು ಸುತ್ತು ತಿರುಗಿಸಿ. ಆಮೇಲೆ ಬ್ಯಾಟರಿ ಸೇರಿಸಿ ಸ್ಟಾರ್ಟ್ ಮಾಡಿ.

ತೋಳಿನ ಸೂಚಿ ಗುರುತುಗಳ ನಡುವೆ ನಿಲ್ಲಬೇಕು. ಎಸಿ, ಹೆಡ್‌ಲೈಟ್ ಹಾಕಿ ಸ್ಟೀರಿಂಗ್ ತಿರುಗಿಸಿ, ಸದ್ದು ಬರಬಾರದು. ಬ್ಯಾಟರಿಯ ತುದಿಗಳಲ್ಲಿ ಸುಮಾರು 13.5ರಿಂದ 14.5 ವೋಲ್ಟ್ ಸಿಗಬೇಕು. ಹತ್ತಾರು ಕಿಲೋಮೀಟರ್ ಓಡಿಸಿ ನಿಲ್ಲಿಸಿದ ಮೇಲೆ ಬೆಲ್ಟ್ ಅಂಚಿಗೆ ಸರಿದಿದೆಯೇ ನೋಡಿ. ಜುಲೈ-ಆಗಸ್ಟ್‌ನ ಕಕ್ಕಡದ ಮಳೆಯಲ್ಲಿ ತೋಟದಿಂದ ಬಂದ ಗಾಡಿ ತೊಳೆಯುವಾಗ ಹೈಪ್ರೆಶರ್ ನೀರನ್ನು ಈ ಪುಲ್ಲಿಗಳ ಮೇಲೆ ನೇರ ಬಿಡಬೇಡಿ. ಬೇರಿಂಗ್‌ನ ಸೀಲ್ ದಾಟಿ ಒಳಹೋದ ನೀರು ಹೊರಗೆ ಬರುವುದಿಲ್ಲ.